ರೆಫ್ರಿ ಎಬೆರ್ ಸಾಕಿದ ಗಾಂಜಾ ಗಿಡಗಳು

ನಮ್ಮ ದುರಾಸ್ನೊ ಊರಿನಲ್ಲಿ ಎಬೆರ್ ಒಲಾಸಾಬಲ್‌ನ ಮನೆ ಎಲ್ಲಿ ಎಂದು ಕೇಳಿದರೆ, ಜನ ಮೊದಲು ಒಂದು ಬೈಗುಳ ಹೇಳಿ ಆಮೇಲೆ ದಾರಿ ತೋರಿಸುತ್ತಾರೆ. ಇಪ್ಪತ್ತೈದು ವರ್ಷ ಜಿಲ್ಲಾ ಫುಟ್‌ಬಾಲ್ ಲೀಗಿನಲ್ಲಿ ರೆಫ್ರಿಯಾಗಿದ್ದವನು ಅವನು. ಊದಿದ ಸೀಟಿಯನ್ನು ಒಮ್ಮೆಯೂ ವಾಪಸ್ ತೆಗೆದುಕೊಂಡವನಲ್ಲ. ಮೈದಾನದಲ್ಲಿ ಇದ್ದ ಹಾಗೆಯೇ ಮನೆಯಲ್ಲೂ. ಹಾಲು ಉಕ್ಕಿದರೂ ಅದು ಯಾರ ತಪ್ಪೆಂದು ತೀರ್ಪು ಕೊಟ್ಟ ಮೇಲೆಯೇ ಒಲೆ ಒರೆಸುತ್ತಿದ್ದ. ಅವನ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದೇ ಗೋಡೆ. ಹಾಗಾಗಿ ನಾನು ಹೇಳುತ್ತಿರುವುದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು, ಉಳಿದದ್ದು ಅವನ ಹೆಂಡತಿ ನಿಬಿಯಾ ಗೋಡೆಗೆ ಮೊಣಕೈ ಊರಿ ಹೇಳಿದ್ದು.

ನಿಬಿಯಾ ಮದುವೆಯ ಉಡುಪು ಹೊಲಿಯುವವಳು. ಅರವತ್ತು ದಾಟಿದ ಮೇಲೆ ಅವಳ ಬೆರಳ ಗೆಣ್ಣುಗಳು ಬಾತುಕೊಂಡವು. ಸೂಜಿಗೆ ದಾರ ಪೋಣಿಸುವುದಕ್ಕೂ ನನ್ನನ್ನು ಕರೆಯುತ್ತಿದ್ದಳು. ಯಾರೋ ಗೆಳತಿ ಒಂದು ಪುಟ್ಟ ಡಬ್ಬಿಯಲ್ಲಿ ಗಾಂಜಾದ ಮುಲಾಮು ಕೊಟ್ಟಳು. ಹಚ್ಚಿ ತಿಕ್ಕಿದರೆ ಸ್ವಲ್ಪ ಹಿತವೆನಿಸಿತು. ಮುಲಾಮಿನಿಂದಲೋ, ತಿಕ್ಕಿದ್ದರಿಂದಲೋ, ಯಾರಿಗೆ ಗೊತ್ತು! ಡಬ್ಬಿ ಖಾಲಿಯಾದಾಗ ಮತ್ತೆ ಕೇಳಲು ಅವಳಿಗೆ ನಾಚಿಕೆ.

"ಕೇಳೋದೇನು ಬಂತು? ನಾವೇ ಬೆಳೆಸೋಣ," ಎಂದ ಎಬೆರ್. ಉರುಗ್ವೆಯಲ್ಲಿ ಅಂಚೆ ಕಚೇರಿಗೆ ಹೋಗಿ ಹೆಸರು ಬರೆಸಿದರೆ ಮನೆಯಲ್ಲಿ ಆರು ಗಿಡ ಸಾಕಬಹುದು. ಅವನು ಟೈ ಕಟ್ಟಿಕೊಂಡು ಹೋಗಿ ಬರೆಸಿ ಬಂದ. ಅಕ್ಟೋಬರಿನಲ್ಲಿ, ನಮ್ಮಲ್ಲಿ ಚಳಿ ಬಿಟ್ಟು ಬೇಸಿಗೆ ಹತ್ತಿರವಾಗುವಾಗ, ಎಣ್ಣೆ ಬರುವ ಆರು ದೊಡ್ಡ ತಗಡಿನ ಡಬ್ಬಿಗಳಿಗೆ ಮಣ್ಣು ತುಂಬಿ ಬೀಜ ಹಾಕಿದ. ಆರೂ ಮೊಳೆತವು. ಎಬೆರ್ ಪಟಾಕಿ ಹೊಡೆಯುವುದೊಂದು ಬಾಕಿ.

ಕಷ್ಟ ಶುರುವಾದದ್ದು ಅಲ್ಲಿಂದ. ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆ ಮಾಟೆ ಸೊಪ್ಪಿನ ಕಷಾಯ ಹೀರುತ್ತಾ ಕುಳಿತಾಗ ಎದುರಿಗಿದ್ದ ಗಿಡಗಳ ಬಾಯಿ ಒಣಗಿದ ಹಾಗೆ ಕಂಡು ಮತ್ತೆ ನೀರು. ಡಿಸೆಂಬರ್ ಹೊತ್ತಿಗೆ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಬಾಯಾರಿಕೆ ಜಾಸ್ತಿಯಾಗಿದೆ ಎಂದು ಅವನು ಇನ್ನೊಂದು ಕೊಡ ಸುರಿದ. ಕೆಳಗಿನ ಎಲೆಗಳು ಹಳದಿಯಾದವು. ಮಣ್ಣಿನ ಮೇಲೆ ಸಣ್ಣ ಕರಿ ನೊಣಗಳು ಎದ್ದವು.

ಆಗ ಊರೆಲ್ಲ ವೈದ್ಯರಾದರು. ಔಷಧಿ ಅಂಗಡಿಯವನು ಕಬ್ಬಿಣ ಸಾಲದು ಎಂದ. ಎಬೆರ್ ತುಕ್ಕು ಹಿಡಿದ ಮೊಳೆಗಳನ್ನು ಬುಡಕ್ಕೆ ಹೂತ. ಕ್ಷೌರಿಕ ಕೋಳಿಗೊಬ್ಬರ ಹಾಕು ಎಂದ. ಎರಡು ಚೀಲ ತಂದು, ಕೊಳೆಯಲು ಬಿಡದೆ ಹಸಿಹಸಿಯಾಗಿಯೇ ಹಾಕಿದ. ಒಂದು ವಾರದಲ್ಲಿ ಎಲೆಗಳ ತುದಿ ಬೀಡಿ ತಗುಲಿಸಿದ ಹಾಗೆ ಕಂದಾಗಿ ಸುಟ್ಟವು. ಬಿಸಿಲು ಹೆಚ್ಚಾಗಿದೆಯೇನೋ ಎಂದು ನಾನೂ ಬಾಯಿ ಹಾಕಿದೆ. ಪಾಪ, ಎಬೆರ್ ಆರು ಡಬ್ಬಿಗಳನ್ನೂ ಎಳೆದುಕೊಂಡು ಹೋಗಿ ನೆರಳಿಗಿಟ್ಟ. ಸೊಂಟ ಹಿಡಿದುಕೊಂಡಿತು.

"ರೀ, ಕಾಚೊನ್ನ ಕೇಳ್ರೀ," ಎಂದಳು ನಿಬಿಯಾ.

"ಸತ್ರೂ ಕೇಳಲ್ಲ."

"ಸಾಯ್ತಿರೋದು ನೀವಲ್ಲ, ಗಿಡ."

ಕಾಚೊ ಬೆಂತಾಂಕುರ್ ಸೈಕಲ್ ರಿಪೇರಿಯವನು. ಅವನ ಹಿತ್ತಲಿನ ಗಾಂಜಾ ಗಿಡಗಳು ಬೀದಿಯಿಂದಲೇ ಕಾಣುವಷ್ಟು ಎತ್ತರ. ಅರ್ಧ ಊರು ಅವನ ಹತ್ತಿರ ಸಲಹೆ ಕೇಳುತ್ತಿತ್ತು. ಆದರೆ ಹದಿನಾಲ್ಕು ವರ್ಷದ ಹಿಂದೆ ಅವನು ರಿಬೆರಾ ತಂಡದ ಗೋಲ್‌ಕೀಪರ್ ಆಗಿದ್ದ. ಮೊಲಿನೊ ತಂಡದ ಜೊತೆ ಫೈನಲ್, ಕೊನೆಯ ನಿಮಿಷ, ಒಂದೂ ಗೋಲಿಲ್ಲ. ಮೊಲಿನೊದ ಹುಡುಗ ಕಾಚೊನ ಕಾಲಬುಡದಲ್ಲಿ ಬಿದ್ದ. ಎಬೆರ್ ಸೀಟಿ ಊದಿ ಪೆನಾಲ್ಟಿ ಕೊಟ್ಟ. ಕಾಚೊ ಅವನ ತಾಯಿಯ ಬಗ್ಗೆ ಏನೋ ಅಂದ. ಎಬೆರ್ ಕೆಂಪು ಕಾರ್ಡು ತೆಗೆದ. ಪೆನಾಲ್ಟಿ ಗೋಲಾಗಿ ಕಪ್ ಮೊಲಿನೊಗೆ ಹೋಯಿತು. ಅಂದಿನಿಂದ ಬೇಕರಿಯಲ್ಲಿ ಎಬೆರ್ ಕಂಡರೆ ಕಾಚೊ ಗೋಡೆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದ.

ಕೊನೆಗೆ ಎಬೆರ್ ಹೋದ. ನೇರವಾಗಿ ಹೋಗಲಿಲ್ಲ. ಸೈಕಲ್ಲಿನ ಚಕ್ರದ ಗಾಳಿ ತಾನೇ ಬಿಟ್ಟುಕೊಂಡು, ಅದನ್ನು ತಳ್ಳಿಕೊಂಡು ಕಾಚೊನ ಅಂಗಡಿಗೆ ಹೋದ. ಟ್ಯೂಬನ್ನು ನೀರಲ್ಲಿ ಅದ್ದಿ ನೋಡಿದ ಕಾಚೊ, "ಪಂಕ್ಚರ್ ಎಲ್ಲೂ ಇಲ್ವಲ್ಲ ರೆಫ್ರಿ ಸಾಹೇಬ್ರೇ," ಎಂದ. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲ ಮಾತು.

ಎಬೆರ್ ಅಂಗಿಯ ಜೇಬಿನಿಂದ ಒಂದು ಹಳದಿ ಎಲೆ ತೆಗೆದು ಮೇಜಿನ ಮೇಲಿಟ್ಟ.

ಕಾಚೊ ಎಲೆ ನೋಡಿದ. ಎಬೆರ್‌ನನ್ನು ನೋಡಿದ. ಕೈ ಒರೆಸಿಕೊಂಡ. "ಇದಕ್ಕೆ ಏನಾಗಿದೆ ಅಂತ ನಂಗೆ ಗೊತ್ತು. ಹೇಳ್ತೀನಿ. ಅದಕ್ಕೆ ಮೊದ್ಲು ನೀವೊಂದು ಮಾತು ಹೇಳ್ಬೇಕು."

"ಏನು?"

"ಅದು ಪೆನಾಲ್ಟಿ ಅಲ್ಲ ಅಂತ."

"ಅದು ಪೆನಾಲ್ಟಿನೇ," ಎಂದ ಎಬೆರ್. ಎಲೆಯನ್ನು ಜೇಬಿಗೆ ಹಾಕಿಕೊಂಡು ದುಡುದುಡು ಮನೆಗೆ ನಡೆದ. ಸಿಟ್ಟಿನಲ್ಲಿ ಸೈಕಲ್ಲನ್ನು ಅಲ್ಲೇ ಬಿಟ್ಟು ಬಂದದ್ದು ಮನೆ ಬಾಗಿಲಿಗೆ ಬಂದಾಗ ನೆನಪಾಯಿತು. ವಾಪಸ್ ಹೋಗುವುದು ಹೇಗೆ? ಸುಮ್ಮನೆ ಕುಳಿತ.

ಸಂಜೆ ಕಾಚೊನೇ ಸೈಕಲ್ ತಂದ. ಬಾಗಿಲು ತೆಗೆದ ನಿಬಿಯಾಳಿಗೆ, "ಸೈಕಲ್ ಕೊಟ್ಟು ಹೋಗೋಣ ಅಂತ ಬಂದೆ ನಿಬಿಯಕ್ಕ," ಎಂದ. ಕಣ್ಣು ಮಾತ್ರ ಆಗಲೇ ಅವಳ ಹೆಗಲ ಮೇಲಿಂದ ಹಿತ್ತಲಿಗೆ ಹೋಗಿತ್ತು. ಗಿಡ ನರಳುತ್ತಿದೆ ಎಂದು ಗೊತ್ತಾದ ಮೇಲೆ ಅವನಿಗೆ ತಡೆಯಲಾಗಿರಲಿಲ್ಲ, ಅಷ್ಟೇ. ಹಿತ್ತಲಿಗೆ ಬಂದು ಗಿಡಗಳನ್ನು ನೋಡಿ ಹಣೆ ಚಚ್ಚಿಕೊಂಡ.

"ಅಯ್ಯಯ್ಯೋ! ಇದು ಕೊಲೆ ಕಣಕ್ಕಾ, ಕೊಲೆ!"

ಒಂದು ಡಬ್ಬಿಯನ್ನು ಎತ್ತಲು ನೋಡಿದ. ಅಲುಗಲಿಲ್ಲ. ಓರೆ ಮಾಡಿದ. ಗಬ್ಬು ವಾಸನೆಯ ನೀರು ಬುಳಕ್ಕೆಂದು ಚೆಲ್ಲಿ ಅವನ ಚಪ್ಪಲಿ ನೆನೆಯಿತು. "ತಳಕ್ಕೆ ಒಂದು ತೂತಾದ್ರೂ ಬೇಡ್ವಾ? ಇದೇನು ಗಿಡವೋ ಮೀನೋ? ಬೇರು ಉಸಿರಾಡೋದು ಎಲ್ಲಿಂದ?"

ಎಬೆರ್ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ. ನಿಬಿಯಾ ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಾಚೊ ನನ್ನಿಂದ ಸುತ್ತಿಗೆ, ದಪ್ಪ ಮೊಳೆ ಇಸಿದುಕೊಂಡು ಒಂದೊಂದು ಡಬ್ಬಿಗೂ ತೂತು ಹೊಡೆದ. ಹೂತಿದ್ದ ಮೊಳೆಗಳನ್ನು ಕಿತ್ತೆಸೆದ. ಮೇಲಿನ ಕೋಳಿಗೊಬ್ಬರವನ್ನೆಲ್ಲ ಕೆರೆದು ತೆಗೆದ. ಡಬ್ಬಿಗಳನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಮತ್ತೆ ಬಿಸಿಲಿಗೆ ತಂದ.

"ನಿಬಿಯಕ್ಕ, ನಿಮ್ಮ ಯಜಮಾನ್ರಿಗೆ ಹೇಳಿ, ಬೆರಳು ಮಣ್ಣೊಳಗೆ ತೂರಿಸಿ ನೋಡ್ಬೇಕು. ಎರಡನೇ ಗೆಣ್ಣಿನ ತನಕ ಒಣಗಿದ್ರೆ ಮಾತ್ರ ನೀರು. ಡಬ್ಬಿ ಎತ್ತಿದ್ರೆ ಹಗುರ ಅನ್ನಿಸ್ಬೇಕು. ಅಲ್ಲೀ ತನಕ ಒಂದು ಹನಿ ಬೇಡ. ಗೊಬ್ಬರ ಅನ್ನೋ ಮಾತೇ ಎತ್ಬಾರ್ದು."

"ನಿಬಿಯಾ," ಎಂದ ಎಬೆರ್ ಕಿಟಕಿಯಿಂದ, "ಕೇಳಿಸ್ತು ಅಂತ ಹೇಳು ಅವನಿಗೆ."

ಆ ದಿನಗಳು ಎಬೆರ್‌ಗೆ ಎಷ್ಟು ಕಷ್ಟವಾದವೆಂದರೆ, ಪುಟ್ಟ ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡ ಹಾಗಿತ್ತು. ನಿಬಿಯಾ ನೀರಿನ ಕೊಡವನ್ನು ತಂದು ನನ್ನ ಮನೆಯಲ್ಲಿ ಬಚ್ಚಿಟ್ಟಳು. ಒಂದು ಮಧ್ಯಾಹ್ನ ಅವನು ಟೀ ಲೋಟದಲ್ಲಿ ನೀರು ಹಿಡಿದು ಕಳ್ಳನ ಹಾಗೆ ಬರುತ್ತಿದ್ದುದನ್ನು ಕಂಡು ನಾನು ಗೋಡೆಯಿಂದ ಕೆಮ್ಮಿದೆ. "ನಂಗೆ ಕುಡಿಯೋಕೆ ಗ್ರಿಸೆಲ್ಡಾ, ನಂಗೆ," ಎಂದು ಗಟಗಟ ಕುಡಿದು ಒಳಗೆ ಹೋದ.

ಮೊದಲು ನೊಣಗಳು ಹೋದವು. ಸುಟ್ಟ ಎಲೆಗಳು ವಾಸಿಯಾಗಲಿಲ್ಲ, ಉದುರಿದವು. ಆದರೆ ಹೊಸದಾಗಿ ಬಂದ ಚಿಗುರು ಹಸಿರಾಗಿ, ಬೆರಳು ಚಾಚಿದ ಕೈಯ ಹಾಗೆ ಅಗಲವಾಗಿತ್ತು. ಜನವರಿ ಮುಗಿಯುವಷ್ಟರಲ್ಲಿ ಗಿಡಗಳು ಗೋಡೆ ದಾಟಿ ನನ್ನ ಅಂಜೂರದ ಮರವನ್ನು ನೋಡತೊಡಗಿದವು. ಕಾಚೊ ಅಂಗಡಿ ಮುಚ್ಚಿದ ಮೇಲೆ ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ ಇರುಕಿಕೊಂಡು ಬರುವುದು ರೂಢಿಯಾಯಿತು. ಮೂವರೂ ಮಾಟೆ ತುಂಬಿದ ಒಂದೇ ಸೋರೆಬುರುಡೆಯನ್ನು ಕೈಯಿಂದ ಕೈಗೆ ದಾಟಿಸಿ ಹೀರುತ್ತಿದ್ದರು. ಗಂಡಸರಿಬ್ಬರ ಮಾತು ಮಾತ್ರ ನಿಬಿಯಾಳ ಮೂಲಕವೇ.

"ನಿಬಿಯಕ್ಕ, ಕೇಳಿ, ಕೆಳಗಿನ ಕೊಂಬೆ ಸವರಿದ್ರಾ ಅಂತ."

"ಸವರಿದೀನಿ ಅಂತ ಹೇಳು ನಿಬಿಯಾ."

"ನಾನೇನು ಅಂಚೆ ಡಬ್ಬಿನಾ?" ಎಂದು ಅವಳು ಒಂದು ದಿನ ಎದ್ದು ಒಳಗೆ ಹೋದಳು. ಇಬ್ಬರೂ ಗಿಡಗಳ ಕಡೆ ನೋಡುತ್ತಾ ಮಾಟೆ ಹೀರಿದರು. ಫ್ಲಾಸ್ಕು ಖಾಲಿಯಾಯಿತು.

ಫೆಬ್ರವರಿ ಕಳೆಯುತ್ತಾ ಬಂತು. ಕಾಚೊನ ಗಿಡಗಳ ತುದಿಯಲ್ಲಿ ಹೂವಿನ ಬಿಳಿ ಎಳೆಗಳು ಕಾಣಿಸಿಕೊಂಡವು. ಎಬೆರ್‌ನವು ಬರೀ ಸೊಪ್ಪು. ಕಾಚೊ ತಲೆ ಕೆರೆದುಕೊಂಡ. ಮಣ್ಣು ಚೆನ್ನಾಗಿದೆ, ಬಿಸಿಲಿದೆ, ಹುಳವಿಲ್ಲ. ಹಾಗಾದರೆ ಏನು? ಅಷ್ಟರಲ್ಲಿ ನಿಬಿಯಾ ಕಿಟಕಿಗೆ ದಪ್ಪ ಪರದೆ ಹೊಲಿಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು.

"ಈ ಸೆಕೆಗೆ ಪರದೆ ಯಾಕಕ್ಕಾ?"

"ಆ ದೀಪ ಕಣಪ್ಪಾ. ರಾತ್ರಿಯೆಲ್ಲಾ ಮುಖಕ್ಕೆ ಹೊಡೆಯುತ್ತೆ, ನಿದ್ದೆನೇ ಇಲ್ಲ."

ಕಾಚೊ ತಲೆಯೆತ್ತಿದ. ಹಿತ್ತಲಿನ ಸೂರಿನಡಿ ಮೈದಾನದ ಕಂಬದಲ್ಲಿರುವಂಥ ಒಂದು ದೀಪ. ಕಳ್ಳರು ಗಿಡ ಕಿತ್ತುಕೊಂಡು ಹೋಗುತ್ತಾರೆಂದು ಎಬೆರ್ ಡಿಸೆಂಬರಿನಲ್ಲೇ ಹಾಕಿಸಿದ್ದ. ಅಂದಿನಿಂದಲೂ ಅದು ಕತ್ತಲಾದರೆ ಹತ್ತಿ, ಬೆಳಗಾದರೆ ಆರುತ್ತಿತ್ತು.

ಈ ಸಲ ಕಾಚೊ ನಿಬಿಯಾಳ ಮೂಲಕ ಹೇಳಲಿಲ್ಲ. "ರೀ ಸ್ವಾಮಿ! ರಾತ್ರಿ ಉದ್ದ ಆದ್ರೆ ತಾನೇ ಗಿಡಕ್ಕೆ ಹೂ ಬಿಡೋ ಕಾಲ ಬಂತು ಅಂತ ಗೊತ್ತಾಗೋದು? ನೀವು ಮೂರು ತಿಂಗಳಿಂದ ಅದಕ್ಕೆ ರಾತ್ರಿನೇ ಕೊಟ್ಟಿಲ್ವಲ್ರೀ!"

"ಕಳ್ಳರು ಬಂದ್ರೆ?"

"ಬಂದ್ರೆ ಏನು ಕದೀತಾರೆ? ಸೊಪ್ಪನ್ನಾ? ಸಾರು ಮಾಡೋಕೆ?"

ಎಬೆರ್ ಏಣಿ ತಂದು ತಾನೇ ದೀಪ ಬಿಚ್ಚಿದ. ನಿಬಿಯಾ ಪರದೆ ಬಟ್ಟೆ ಮಡಿಚಿಟ್ಟಳು. ಎರಡು ವಾರವಾಗುತ್ತಲೇ ಹೂವು ಬಂತು, ಐದು ಗಿಡಗಳಿಗೆ. ಆರನೆಯದು ಅಡುಗೆಮನೆ ಬಾಗಿಲ ಪಕ್ಕದ್ದು, ಎಲ್ಲಕ್ಕಿಂತ ಎತ್ತರ, ಎಬೆರ್‌ಗೆ ಅದರ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ಅದರ ಗೆಣ್ಣುಗಳಲ್ಲಿ ಬಿಳಿ ಎಳೆಗಳ ಬದಲು ಸಣ್ಣ ಸಣ್ಣ ಗುಂಡು ಮೊಗ್ಗುಗಳು ಗೊಂಚಲುಗೊಂಚಲಾಗಿ ತೂಗುತ್ತಿದ್ದವು.

"ಗಂಡು," ಎಂದ ಕಾಚೊ. "ಇವತ್ತೇ ತೆಗೀಬೇಕು. ಇದರ ಮೊಗ್ಗು ಒಡೆದು ಪುಡಿ ಹಾರಿತು ಅಂದ್ರೆ ಐದಕ್ಕೂ ಬರೀ ಬೀಜ ತುಂಬ್ಕೊಳ್ಳುತ್ತೆ. ಅಕ್ಕನ ಮುಲಾಮಿಗೆ ಅಲ್ಲಿಗೆ ಎಳ್ಳುನೀರು."

"ಭಾನುವಾರದ ತನಕ ಇರ್ಲಿ."

"ಭಾನುವಾರ ಯಾಕೆ?"

"ಸುಮ್ನೆ. ಎಷ್ಟು ಚೆನ್ನಾಗಿ ಬೆಳೆದಿದೆ ನೋಡು."

ಕಾಚೊ ಸೊಂಟದ ಮೇಲೆ ಕೈಯಿಟ್ಟುಕೊಂಡ. "ಅಬ್ಬಬ್ಬಾ! ನನ್ನನ್ನ ಮೈದಾನದಿಂದ ಆಚೆ ಹಾಕೋವಾಗ ಈ ಕರುಣೆ ಎಲ್ಲಿತ್ತು? ಕಣ್ಣು ಮಿಟುಕಿಸೋದ್ರಲ್ಲಿ ಕಾರ್ಡು ತೆಗೆದ್ರಲ್ಲ!"

ಎಬೆರ್‌ನ ಮುಖ ಕೆಂಪಾಯಿತು. "ನಿನ್ನನ್ನ ಆಚೆ ಹಾಕಿದ್ದು ನಮ್ಮಮ್ಮನ ಬಗ್ಗೆ ನೀನಂದ ಮಾತಿಗೆ. ಪೆನಾಲ್ಟಿ ಬೇರೆ. ಪೆನಾಲ್ಟಿ ಕೊಟ್ಟಿದ್ದು, ನೀನು ನೆಲದ ಮೇಲೆ ಬಿದ್ಕೊಂಡು ಎಡಗೈಲಿ ಆ ಹುಡುಗನ ಕಾಲು ಹಿಡಿದಿದ್ದಕ್ಕೆ!"

"ಎಡಗೈ ಅಂತೆ! ಬಲಗೈ ಕಣ್ರೀ ಅದು, ಬಲ—"

ಅಲ್ಲಿಗೆ ನಿಂತ. ಗೋಡೆಯ ಈಚೆ ನಾನು ಒಗೆದ ಬಟ್ಟೆ ಕೈಯಲ್ಲಿ ಹಿಡಿದೇ ಗೋಡೆಗೆ ಒರಗಿದೆ. ಮೊದಲು ನಕ್ಕವಳು ನಿಬಿಯಾ. ನಗುತ್ತಾ ನಗುತ್ತಾ ಇಟ್ಟಿಗೆಯ ಮೇಲೆ ಕುಳಿತೇಬಿಟ್ಟಳು. ಕಾಚೊ ತನ್ನ ಬಲಗೈಯನ್ನು, ಅದು ಬೇರೆ ಯಾರದೋ ಎಂಬ ಹಾಗೆ ನೋಡಿಕೊಂಡ. ಎಬೆರ್ ಗೆದ್ದೆನೆಂದು ಎಗರಾಡುತ್ತಾನೆಂದು ನಾನು ಕಾದೆ. ಅವನು ಗಂಡು ಗಿಡದ ಹತ್ತಿರ ಹೋಗಿ, ಮೊಗ್ಗು ಅಲುಗದ ಹಾಗೆ ಅದಕ್ಕೊಂದು ಗೋಣಿಚೀಲ ಮುಚ್ಚಿ, ಬುಡ ಹಿಡಿದು ಎಳೆದ. ಬೇರು ಬಿಗಿಯಾಗಿತ್ತು, ಬರಲಿಲ್ಲ. ಕಾಚೊ ಬಂದು ಇನ್ನೊಂದು ಕಡೆ ಹಿಡಿದ. ಆಮೇಲೆ ಯಾರೂ ಆ ಪಂದ್ಯದ ಸುದ್ದಿ ಎತ್ತಲಿಲ್ಲ, ಕನಿಷ್ಠ ನನ್ನ ಕಿವಿಗೆ ಬೀಳುವ ಹಾಗೆ.

ಏಪ್ರಿಲ್ ಕೊನೆಯಲ್ಲಿ ಕೊಯ್ದರು. ಆಗಲೂ ಎಬೆರ್ ಒಂದು ಎಡವಟ್ಟು ಮಾಡಿದ. ವಾಸನೆ ಬೀದಿಗೆ ಹೋಗಬಾರದೆಂದು ಕೊಂಬೆಗಳನ್ನೆಲ್ಲ ಬಟ್ಟೆಯ ಬೀರುವಿನಲ್ಲಿ ಒತ್ತೊತ್ತಾಗಿ ನೇತುಹಾಕಿ ಬಾಗಿಲು ಜಡಿದ. ಹೊರಗೆ ಜಿಟಿಜಿಟಿ ಮಳೆ. ನಾಲ್ಕಾರು ದಿನ ಬಿಟ್ಟು ತೆಗೆದರೆ ಕೆಲವು ಹೂಗಳ ಒಳಗೆ ಬೂದು ಬಣ್ಣದ ಬೂಷ್ಟು. ಅವನ ಮದುವೆಯ ಕೋಟು ಬೇರೆ ಇವತ್ತಿಗೂ ಗಾಂಜಾ ನಾರುತ್ತದೆ. ಬೂಷ್ಟು ಬಂದ ಕೊಂಬೆಗಳನ್ನು, ಪಕ್ಕದ್ದು ಚೆನ್ನಾಗಿ ಕಂಡರೂ ಸೇರಿಸಿ, ಕಾಚೊ ಒಲೆಗೆ ಹಾಕಿಸಿದ. ಉಳಿದದ್ದನ್ನು ನನ್ನ ಉಗ್ರಾಣದ ಕತ್ತಲಲ್ಲಿ, ಗಾಳಿಯಾಡುವ ಹಾಗೆ ಕೊಂಬೆಗೊಂದು ಗೇಣು ಬಿಟ್ಟು ನೇತುಹಾಕಿದೆವು. ಕಡ್ಡಿ ಬಾಗಿಸಿದರೆ ಲಟಕ್ಕೆನ್ನುವ ತನಕ ಯಾರೂ ಮುಟ್ಟಲಿಲ್ಲ.

ನಿಬಿಯಾ ಅದನ್ನು ಕೊಬ್ಬಿನಲ್ಲಿ ಮೆಲ್ಲಗೆ ಕಾಯಿಸಿ, ಸೋಸಿ, ಜಾಡಿಗಳಿಗೆ ತುಂಬಿದಳು. ಬೆರಳು ಮೊದಲಿನ ಹಾಗಾಯಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಗೆಣ್ಣುಗಳು ಈಗಲೂ ಬಾತೇ ಇವೆ. ಆದರೆ ಬೆಳಿಗ್ಗೆ ಮುಷ್ಟಿ ಮಡಚಲು ಬರುತ್ತದೆ, ಗುಂಡಿ ಹೊಲಿಯುತ್ತಾಳೆ. ದಾರ ಪೋಣಿಸಲು ನನ್ನನ್ನು ಈಗಲೂ ಕರೆಯುತ್ತಾಳೆ. ಅದು ಬೆರಳಿಂದಲ್ಲ, ಕಣ್ಣಿಂದ ಎನ್ನುತ್ತಾಳೆ.

ಸೊಪ್ಪು ಸವರಿದ ಚೂರುಗಳು ಒಂದಿಷ್ಟು ಉಳಿದಿದ್ದವು. ಜೂನಿನ ಒಂದು ಭಾನುವಾರ, ಹೊರಗೆ ಮಳೆ, ನಿಬಿಯಾ ಅವನ್ನು ಹಾಲಿನಲ್ಲಿ ಕುದಿಸಿ ಎಬೆರ್‌ಗೆ ಅರ್ಧ ಲೋಟ ಕೊಟ್ಟಳು, ಸೊಂಟನೋವಿಗೆ ಎಂದು. ರೇಡಿಯೋದಲ್ಲಿ ಮ್ಯಾಚು ಬರುತ್ತಿತ್ತು. ಯಾವ ಭಾನುವಾರವೂ ಆ ಮನೆಯಿಂದ ಅವನ ಕಿರುಚಾಟ ಕೇಳದೆ ಇದ್ದದ್ದಿಲ್ಲ. ಅಂದು ಪಿಟ್ಟೆಂಬ ಸದ್ದೂ ಇಲ್ಲ. ನನಗೆ ಗಾಬರಿಯಾಗಿ ಕೊಡೆ ಹಿಡಿದು ಗೋಡೆಯ ಹತ್ತಿರ ಹೋದೆ. ನಿಬಿಯಾ ಆಗತಾನೇ ಕರಿದ ತೋರ್ತಾ ರೊಟ್ಟಿಗಳ ತಟ್ಟೆ ಹಿಡಿದು ಹೊರಗೆ ಬಂದಳು.

"ಏನೇ, ಎಬೆರ್ ಹುಷಾರಾಗಿದಾನಾ?"

"ಮೊದಲನೇ ಹಾಫಲ್ಲೇ ಮಲ್ಕೊಂಡ್ರು," ಎಂದಳು ಅವಳು ಪಿಸುದನಿಯಲ್ಲಿ. "ಎರಡು ಪೆನಾಲ್ಟಿ ಆಯ್ತು, ಏಳಲಿಲ್ಲ. ಬಿಸಿ ಇದೆ, ತಗೋ. ಜೋರಾಗಿ ಮಾತ್ರ ಮಾತಾಡ್ಬೇಡ."