ನೇರ ಹೊಲಿಗೆಯ ಕೌದಿ

ಯುದ್ಧದಿಂದ ಬಟ್ಟೆಗೆ ರೇಷನ್ ಬಂದಿದ್ದ ಕಾಲ. ಶಿವಮೊಗ್ಗದ ಬೀಗರು ಬೆಳಗಿನ ರೈಲಿಳಿದು ಭದ್ರಾವತಿಯ ನಮ್ಮ ಜನ್ನಾಪುರದ ಮನೆಯ ಹೊಸ್ತಿಲು ದಾಟಿದಾಗ ನಾನು ನಡುಮನೆಯಲ್ಲಿ, ಕೌದಿಯ ಮೇಲೆ ನಿಂತಿದ್ದೆ. ನಿಂತಿದ್ದೆ ಎನ್ನುವುದು ಪೂರ್ತಿ ನಿಜವಲ್ಲ. ಅರ್ಧ ಎದ್ದಿದ್ದೆ. ಅದಕ್ಕಿಂತ ಮೇಲೇಳಲು ಕೌದಿ ಬಿಡಲಿಲ್ಲ.

ಮಗಳು ಗಿರಿಜೆ ಬಾಣಂತನ ಮುಗಿಸಿ ಅಂದೇ ಮಧ್ಯಾಹ್ನ ಹೊರಡಬೇಕಿತ್ತು. ಕೂಸು ತವರಿನ ಕೌದಿಯಿಲ್ಲದೆ ಹೋದರೆ ಅತ್ತೆಯ ಮನೆಯಲ್ಲಿ ಅವಳು ತಲೆಯೆತ್ತುವ ಹಾಗಿರಲಿಲ್ಲ. ನನ್ನ ಹೆಂಡತಿ ಶಾಂತಮ್ಮ ಹಳೆ ಬಟ್ಟೆಗಳನ್ನು ಜೋಡಿಸುವಷ್ಟರಲ್ಲಿ ಅವಳ ಮಣಿಕಟ್ಟು ಊದಿತು. ಕಾರ್ಖಾನೆಯಲ್ಲಿ ದಿನವಿಡೀ ನಕ್ಷೆ ಎಳೆಯುವ ನಾನು ಸೂಜಿ ಹಿಡಿದೆ.

ಅಂಚಿನಿಂದ ಸುತ್ತಿ ಸುತ್ತಿ ಒಳಗೆ ಬರುವುದು ನಮ್ಮವರ ಕ್ರಮ. ನಾನು ಈ ತುದಿಯಿಂದ ಆ ತುದಿಗೆ ನೇರ ಗೆರೆಗಳೇ ಸಾಕೆಂದೆ. ಹೊಸ ಕಾಲಕ್ಕೆ ಸರಳತೆ ಒಪ್ಪುತ್ತದೆಂದು ಭಾಷಣವನ್ನೂ ಮಾಡಿದೆ. ಮೂಲೆಯಲ್ಲಿ ಹೊಲಿಗೆ ತಿರುಗಿಸಲು ನನಗೆ ಬರುತ್ತಿರಲಿಲ್ಲ ಎಂಬುದು ಭಾಷಣದಲ್ಲಿ ಇರಲಿಲ್ಲ.

"ಇದೇನ್ರೀ, ಕೌದಿನಾ, ರೈಲು ಕಂಬಿನಾ?" ಎಂದಳು ಶಾಂತಮ್ಮ.

ಯೋಚಿಸಿ ನೋಡಿ, ಪ್ರಕೃತಿಯಲ್ಲಿ ನೇರ ಗೆರೆ ಎಲ್ಲಿದೆ? ಭದ್ರಾ ಹೊಳೆಯೂ ಬಳುಕಿಯೇ ಹರಿಯುತ್ತದೆ. ನಾನು ಮಾತ್ರ ಗಾರೆಯವರಂತೆ ಗೋಡೆಯಿಂದ ಗೋಡೆಗೆ ದಾರ ಬಿಗಿದು, ಕೌದಿಯ ನಡುವೆಯೇ ಕುಳಿತು, ದಾರದ ಮೇಲಿಂದ ಕಣ್ಣು ಕೀಳದೆ ಹೊಲಿದೆ. ನಡುವಿನ ತೇಪೆ ನನ್ನದೇ ಹಳೆಯ ಬಿಳಿ ಪಂಚೆಯದು. ಅದರ ಮೇಲೆ ಹರಡಿದ್ದದ್ದು ನಾನು ಉಟ್ಟಿದ್ದ, ನನಗಿದ್ದ ಒಂದೇ ಒಳ್ಳೆಯ ಬಿಳಿ ಪಂಚೆ. ಹೊಲಿಗೆ ಎರಡನ್ನೂ ಭೇದವಿಲ್ಲದೆ ದಾಟಿ ಹೋಗಿತ್ತು. ಬೀಗರನ್ನು ಕಂಡು ಎದ್ದೆ, ಕೌದಿಯೂ ಎದ್ದಿತು.

ಬೀಗಿತ್ತಿ ಹಾಲಮ್ಮ ಸುತ್ತ ಬಂದು ನೋಡಿದರು. "ಮಾರಾಯ್ರೆ, ನಾವು ಕರ್ಕೊಂಡ್ ಹೋಗಕ್ಕೆ ಬಂದಿದ್ದು ಸೊಸೇನ, ಕೂಸನ್ನ. ನೀವೂ ಕೌದಿ ಜೊತೆ ಬರ್ತೀರೇನು?"

ಎಲ್ಲರೂ ನಕ್ಕರು, ಗಿರಿಜೆಯೊಬ್ಬಳನ್ನು ಬಿಟ್ಟು. ಅವಳ ಕಣ್ಣು ತುಂಬಿತ್ತು. "ಅಪ್ಪಾ, ಬಿಚ್ಚಿದ್ರೆ ರೈಲಿನ ಹೊತ್ತಿಗೆ ಮುಗಿಯಲ್ಲ."

ನಾನು ಕತ್ತರಿ ಕೇಳಿದೆ. ಶಾಂತಮ್ಮ ನನ್ನ ಮುಖ ನೋಡಿದಳು, ಪಂಚೆ ನೋಡಿದಳು, ಹೊಲಿಗೆಯ ಎರಡೂ ಬದಿ ಪಂಚೆಯನ್ನು ಕತ್ತರಿಸಿದಳು. ನಾನು ಟವೆಲು ಸುತ್ತಿಕೊಂಡು ಬೀಗರಿಗೆ ಕೈಮುಗಿದೆ. ಕೌದಿ ರೈಲಿನ ಹೊತ್ತಿಗೆ ಹೊರಟಿತು, ನನ್ನ ಪಂಚೆಯ ತುಂಡನ್ನೂ ಹೊತ್ತು. ಇಡೀ ಕೌದಿಯಲ್ಲಿ ನಿಜಕ್ಕೂ ನೇರವಾಗಿರುವ ಗೆರೆ ಆ ತುಂಡಿನ ಮೇಲಿರುವುದೊಂದೇ.

ಇದನ್ನು ಕಂಡವರಲ್ಲಿ ಹಾಲಮ್ಮನವರು ಈಗಿಲ್ಲ. ಶಾಂತಮ್ಮ ಇದ್ದಾಳೆ, ಕೇಳಿದರೆ ಇದಕ್ಕಿಂತ ಉದ್ದವಾಗಿ ಹೇಳುತ್ತಾಳೆ. ಗಿರಿಜೆ ಇದ್ದಾಳೆ, ಈಗ ಅವಳೂ ನಗುತ್ತಾಳೆ. ಅಂದಿನ ಕೂಸು ಬಸವರಾಜನೂ ಇದ್ದಾನೆ. ಅವನ ಸಾಕ್ಷಿ ನಡೆಯುವುದಿಲ್ಲ ಎನ್ನಬೇಡಿ: ರೈಲು ಹತ್ತುವ ಮೊದಲೇ, ಸರಿಯಾಗಿ ಆ ತುಂಡನ್ನೇ ಹುಡುಕಿ, ಅವನು ಒದ್ದೆ ಮಾಡಿದ್ದ.