ಠಾಕುರ್ಲಿಯ ಮೂರನೆಯ ಸ್ಲ್ಯಾಬ್

೧೯೯೬ರಲ್ಲಿ ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ ನನ್ನದೊಂದು ಸಣ್ಣ ಸ್ಟ್ರಕ್ಚರಲ್ ಡಿಸೈನ್ ಕಚೇರಿ ಇತ್ತು. ಕಟ್ಟಡದ ಕಂಬ, ತೊಲೆ, ಸ್ಲ್ಯಾಬ್ ಎಷ್ಟು ದಪ್ಪವಿರಬೇಕು, ಎಷ್ಟು ಕಬ್ಬಿಣ ಬೇಕು ಎಂದು ನಿರ್ಧರಿಸಿ ಕೊಡುವುದು ನನ್ನ ಕೆಲಸ. ಆ ವರ್ಷ ಠಾಕುರ್ಲಿಯಲ್ಲಿ ಏಳು ಮಹಡಿಯ ನಾಲ್ಕು ಕಟ್ಟಡಗಳ ಕೆಲಸ ಬಂತು. ಬಹಳ ದಿನಗಳಿಂದ ಓದಿಕೊಂಡಿದ್ದನ್ನು ಮಾಡಿ ತೋರಿಸುವ ಹಟ ನನಗಿತ್ತು.

ಸಿಮೆಂಟಿನ ಒಂದು ಪಾಲಿನ ಬದಲು ವಿದ್ಯುತ್ ಸ್ಥಾವರದ ಹಾರುಬೂದಿ, ಕಾಡಿನ ಮರದ ಹಲಗೆಯ ಬದಲು ಮತ್ತೆ ಮತ್ತೆ ಬಳಸಬಹುದಾದ ಸ್ಟೀಲ್ ಅಚ್ಚು, ತೆಳುವಾದ ಸ್ಲ್ಯಾಬ್. ವಸ್ತು ಉಳಿಯುತ್ತದೆ, ಕೆಲಸ ಬೇಗ ಸಾಗುತ್ತದೆ, ಮನೆಗಳ ಬೆಲೆಯೂ ಇಳಿಯುತ್ತದೆ ಎಂದು ಬಿಲ್ಡರ್‌ಗೆ ಒಪ್ಪಿಸಿದೆ. ಒಂದು ತೊಡಕಿತ್ತು: ಬೂದಿ ಬೆರೆತ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನವೂ ನೀರುಣಿಸಬೇಕು, ಸ್ಲ್ಯಾಬನ್ನು ಕೆಳಗಿನಿಂದ ಹೊತ್ತು ನಿಂತ ಟೇಕು ಕಂಬಗಳನ್ನು ಹದಿನಾಲ್ಕು ದಿನ ಮುಟ್ಟಬಾರದು. ಹಾಗೆಂದು ಡ್ರಾಯಿಂಗ್‌ನಲ್ಲಿ ಬರೆದಿದ್ದೆ.

ಮೇ ತಿಂಗಳಲ್ಲಿ, ಎರಡನೆಯ ಕಟ್ಟಡದ ಮೂರನೆಯ ಸ್ಲ್ಯಾಬ್ ಹಾಕಿದ ಎಂಟನೆಯ ದಿನ, ಬಿಲ್ಡರ್ ಸೈಟಿನಿಂದ ಫೋನ್ ಮಾಡಿದ.

"ಸಾಬ್, ಕ್ಯೂಬ್ ಪಾಸ್ ಹೋ ಗಯಾ. ಟೇಕಾ ನಿಕಾಲ್ ದೂಂ? ಊಪರ್ ಕಾ ಕಾಮ್ ರುಕಾ ಹೈ."

ಕ್ಯೂಬ್ ಪಾಸಾಗಿದೆ, ಮೇಲಿನ ಕೆಲಸ ನಿಂತಿದೆ, ಟೇಕು ತೆಗೆಸಲೇ ಎಂದು ಅವನ ಪ್ರಶ್ನೆ. ಕ್ಯೂಬ್ ಎಂದರೆ ಅದೇ ಕಾಂಕ್ರೀಟಿನಿಂದ ಎರಕ ಹೊಯ್ದು, ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಒಡೆದು ನೋಡುವ ಮಾದರಿ ಗಟ್ಟಿ. ಫಲಿತಾಂಶ ಚೆನ್ನಾಗಿಯೇ ಇತ್ತು. ಅಚ್ಚು, ಟೇಕು ನಿಲ್ಲಿಸುವ ಸೆಂಟ್ರಿಂಗ್ ಮೇಸ್ತ್ರಿ ಶರಣಪ್ಪನನ್ನು ಫೋನಿಗೆ ಕರೆಯಲು ಹೇಳಿದೆ. ಕಲಬುರಗಿ ಕಡೆಯ ಶರಣಪ್ಪ ಹೆಂಡತಿ ಭೀಮವ್ವನೊಂದಿಗೆ ಸೈಟಿನ ತಗಡಿನ ಗುಡಿಸಲಲ್ಲೇ ಇದ್ದ.

"ಸಾಹೇಬ್ರ, ಮೂರ್ ದಿನ ಆತು, ಟ್ಯಾಂಕರ್ ಬಂದಿಲ್ರಿ. ಸ್ಲ್ಯಾಬಿಗಿ ನೀರೇ ಬಿಟ್ಟಿಲ್ಲ. ಬಡದು ನೋಡಿದ್ರ ಸಪ್ಪಳ ಬ್ಯಾರೇನೇ ಬರ್ತದ. ನೀವೊಮ್ಮಿ ಬಂದು ನೋಡ್ರಿ."

ಲೋಕಲ್ ರೈಲು ಹಿಡಿದರೆ ಮುಕ್ಕಾಲು ಗಂಟೆಯ ದಾರಿ. ಅಂದು ನನ್ನ ಕಚೇರಿಯಲ್ಲಿ ಬೇರೊಬ್ಬ ಗಿರಾಕಿ ಕೂತಿದ್ದ.

"ಕ್ಯೂಬ್ ಪಾಸಾಗಿದೆ ಶರಣಪ್ಪ. ತೆಗಿ," ಎಂದೆ.

ಮರುದಿನ ಬೆಳಿಗ್ಗೆ ಗೋಡೆ ಕಟ್ಟಲೆಂದು ಆ ಸ್ಲ್ಯಾಬಿನ ಮೇಲೆ ಇಟ್ಟಿಗೆ ಪೇರಿಸಿದರು. ಬಾಲ್ಕನಿಯ ಭಾಗ ಮುರಿದು ಬಿತ್ತು. ಕೆಳಗೆ ಕಸ ಗುಡಿಸುತ್ತಿದ್ದವಳು ಭೀಮವ್ವ. ಕಲ್ಯಾಣದ ಆಸ್ಪತ್ರೆಯಲ್ಲಿ ಅವಳ ಎಡಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ನಾನು ಹೋದಾಗ ಶರಣಪ್ಪ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದ. ಎದ್ದು ನಿಂತ. ಆಗಲೂ ಎದ್ದು ನಿಂತ.

"ನೀವ್ ಹೇಳಿದ್ದಕ್ಕ ತೆಗದೆನ್ರಿ, ಸಾಹೇಬ್ರ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ ನಾನು ಹಾಗೆಂದು ಹೇಳಬೇಕು ಎಂಬ ಬೇಡಿಕೆ ಮಾತ್ರ ಇತ್ತು.

ಹೇಳುವುದೆಂದೇ ನಿರ್ಧರಿಸಿ ಪೊಲೀಸರಿಗೆ ಕೊಡಲು ಪತ್ರ ಬರೆದೆ. ತೊಟ್ಟಿಯ ನೀರಲ್ಲಿದ್ದ ಕ್ಯೂಬು, ಬಿಸಿಲಲ್ಲಿ ಒಣಗಿದ ಸ್ಲ್ಯಾಬು ಒಂದೇ ಅಲ್ಲ, ನೋಡದೆ ಅನುಮತಿ ಕೊಟ್ಟದ್ದು ನನ್ನ ತಪ್ಪು ಎಂದು. ಕೊಡುವ ಮುನ್ನ ತೋರಿಸಿದಾಗ ಬಿಲ್ಡರ್ ಅದನ್ನು ಓದಿ ಮಡಚಿ ಮೇಜಿನ ಮೇಲಿಟ್ಟ.

"ಇದು ಹೊರಗೆ ಹೋದರೆ ನಿಮ್ಮ ಹೊಸ ಪದ್ಧತಿಯನ್ನು ಇಲ್ಲಿ ಮತ್ತೆ ಯಾರೂ ಮುಟ್ಟುವುದಿಲ್ಲ, ಸಾಬ್," ಎಂದ ಹಿಂದಿಯಲ್ಲಿ.

ಒಳ್ಳೆಯ ಪದ್ಧತಿಗೆ ಕೆಟ್ಟ ಹೆಸರು ಬರಬಾರದೆಂದು ನಾನು ಆ ಪತ್ರ ಕೊಡಲಿಲ್ಲ. ಹಾಗೆಂದೇ ನನಗೆ ನಾನು ಹೇಳಿಕೊಂಡೆ. ಮೇಸ್ತ್ರಿ ಶರಣಪ್ಪ ಮತ್ತು ಅವನ ಕೂಲಿಗಳು ಅನುಮತಿಯಿಲ್ಲದೆ ಟೇಕು ತೆಗೆದರು ಎಂದು ಬಿಲ್ಡರ್ ಪೊಲೀಸರಿಗೆ ವರದಿ ಕೊಟ್ಟ. ಶರಣಪ್ಪನನ್ನು ಎರಡು ದಿನ ಪೊಲೀಸ್ ಸ್ಟೇಷನ್ನಿನಲ್ಲಿ ಕೂರಿಸಿದರು. ಆಮೇಲೆ ಡೊಂಬಿವಲಿ, ಕಲ್ಯಾಣದ ಯಾವ ಸೈಟಿನಲ್ಲೂ ಅವನಿಗೆ ಕೆಲಸ ಸಿಗಲಿಲ್ಲ. ಮಳೆಗಾಲ ಮುಗಿಯುವ ಮುಂಚೆಯೇ ಗಂಡ ಹೆಂಡತಿ ಊರಿಗೆ ಹೊರಟುಹೋದರು.

ನಾಲ್ಕೂ ಕಟ್ಟಡಗಳು ಗಡುವಿಗೆ ಮೊದಲೇ ಮುಗಿದವು. ಅವುಗಳ ಸ್ಲೈಡ್ ತೋರಿಸಿ ನವಿ ಮುಂಬಯಿಯ ಒಂದು ಸೆಮಿನಾರಿನಲ್ಲಿ ಮಾತಾಡಿದೆ. ಜನ ಚಪ್ಪಾಳೆ ತಟ್ಟಿದರು. ಬಾಲ್ಕನಿಯ ವಿಷಯ ಯಾರೂ ಕೇಳಲಿಲ್ಲ.

ಆಮೇಲಿನ ಇಪ್ಪತ್ತು ವರ್ಷ ಸೈಟಿಗೆ ಹೋಗದೆ, ಸ್ಲ್ಯಾಬಿನ ಕೆಳಗೆ ನಾನೇ ನಿಲ್ಲದೆ, ಒಂದು ಟೇಕನ್ನೂ ತೆಗೆಸಲಿಲ್ಲ. ಕೈಯಿಂದ ಬಡಿದು ನೋಡುವವನ ಮಾತು ಪ್ರಯೋಗಾಲಯದ ಕಾಗದದಷ್ಟೇ ತೂಕದ್ದು ಎಂದು ಕಲಿತೆ. ಆ ಪಾಠವನ್ನು ಕಿರಿಯ ಎಂಜಿನಿಯರುಗಳಿಗೆಲ್ಲ ಹೇಳಿದ್ದೇನೆ. ಆದರೆ ಅದನ್ನು ಕಲಿಸಿದವನ ಹೆಸರು ಆ ವರದಿಯಲ್ಲಿ ಇಂದಿಗೂ ತಪ್ಪಿತಸ್ಥನೆಂದೇ ಇದೆ. ಅದನ್ನು ಅಳಿಸಲು ನಾನು ಹೋಗಲೇ ಇಲ್ಲ.