ಚುಕ್ಕಿಗಳಲ್ಲಿ ಉಳಿದ ಪೊನಿರಾನ್

ಮಲಾಂಗ್ ಊರಿನ ನಮ್ಮ ಓಣಿಯಲ್ಲಿ ತುಗಿಯೆಮ್ ಪೆಚೆಲ್ ಮಾರುತ್ತಿದ್ದಳು. ಬೆಂದ ಸೊಪ್ಪಿಗೆ ಅವಳು ಸುರಿಯುವ ಕಡಲೆಕಾಯಿ ಚಟ್ನಿಗೆ ಜನ ಕಾದು ನಿಲ್ಲುತ್ತಿದ್ದರು. ಗಂಡ ಪೊನಿರಾನ್ ಸೈಕಲ್ ರಿಪೇರಿ ಮಾಡುವವನು. ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಲಾರಸ್ ಎಂಬ ಹುಡುಗಿ ಬಂದಳು. ಮನುಷ್ಯರು ಯಾವಾಗ ಮುನಿಯುತ್ತಾರೆ, ಯಾವಾಗ ಸೋಲುತ್ತಾರೆ ಎಂದು ಕಂಪ್ಯೂಟರಿಗೆ ಕಲಿಸಬೇಕಂತೆ. ಗಂಡ ಹೆಂಡತಿ ಕ್ಯಾಮೆರಾ ಮುಂದೆ ಇಪ್ಪತ್ತು ನಿಮಿಷ ಜಗಳವಾಡಿದರೆ ಹತ್ತು ಕಿಲೋ ಅಕ್ಕಿ.

"ಜಗಳಕ್ಕೆ ಅಕ್ಕಿ ಕೊಡ್ತಾರೆ ಅಂತ ಮೊದ್ಲೇ ಗೊತ್ತಿದ್ರೆ ಇಷ್ಟೊತ್ತಿಗೆ ನಾನು ಅಕ್ಕಿ ಮಂಡಿ ಇಡ್ತಿದ್ದೆ ಅಕ್ಕಾ" ಎಂದು ತುಗಿಯೆಮ್ ನನ್ನೆದುರು ನಕ್ಕಳು.

ಮನೆಯ ಸೂರು ಸೋರುತ್ತಿರುವಾಗ ಪೊನಿರಾನ್ ದುಡ್ಡು ಸುರಿದು ಕೂಗುವ ಬೆಳವಹಕ್ಕಿ ಕೊಂಡುತಂದಿದ್ದ. ಕ್ಯಾಮೆರಾ ಮುಂದೆ ಅದೇ ಜಗಳ. ತಮಾಷೆಗೆ ಶುರುವಾದದ್ದು ನಿಜವಾಗಿಬಿಟ್ಟಿತು. "ನಿನ್ನ ಕಟ್ಕೊಂಡು ನಾನೇನು ಸುಖ ಕಂಡೆ?" ಎಂದು ಅವಳು ಗೋಡೆಯ ಕಡೆ ತಿರುಗಿ ಕುಳಿತಳು.

ನಾಲ್ಕು ತಿಂಗಳಿಗೆ ಪೊನಿರಾನ್ ಅಂಗಡಿಯಲ್ಲೇ ಕುಸಿದುಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

"ಮನೇಲಿರೋದು ಮದುವೆ ಫೋಟೋ ಒಂದೇ, ಅದರಲ್ಲಿರೋನು ಯಾರೋ ಮದುಮಗ. ಆ ಜಗಳದ ವಿಡಿಯೋದಲ್ಲಿ ನನ್ನ ಗಂಡ ಕೈಕಾಲಾಡಿಸೋದು ಒಂದ್ಸಲ ನೋಡ್ಬೇಕು" ಎಂದಳು ತುಗಿಯೆಮ್. ವಿಶ್ವವಿದ್ಯಾಲಯಕ್ಕೆ ನಾನೇ ಜೊತೆಗೆ ಹೋದೆ.

ಲಾರಸ್ ಮುಖ ಬಾಡಿತು. "ಅಮ್ಮಾ, ಮುಖ, ದನಿ ಎಲ್ಲಾ ಅಳಿಸಿಬಿಟ್ಟಿದ್ದೀವಿ. ಹಾಗೆ ಮಾಡ್ತೀವಿ ಅಂತ ನಿಮಗೆ ಮಾತು ಕೊಟ್ಟಿದ್ವಲ್ಲ. ಮೈ ಅಲುಗಾಟ ತೋರಿಸೋ ಚುಕ್ಕಿಗಳಷ್ಟೇ ಇವೆ."

ಕಪ್ಪು ಪರದೆಯ ಮೇಲೆ ಚುಕ್ಕಿ, ಗೆರೆಗಳ ಎರಡು ಆಕಾರ ಎದುರುಬದುರು ಕುಳಿತಿದ್ದವು.

"ಇವನೇ! ಎಡಭುಜ ಇಳಿದಿದೆ ನೋಡು" ಎಂದು ತುಗಿಯೆಮ್ ಪರದೆಗೆ ಬೆರಳಿಟ್ಟಳು.

ಹೆಂಗಸಿನ ಆಕಾರ ಗೋಡೆಗೆ ತಿರುಗಿತು. ಆಗ ಗಂಡಸಿನ ಕೈ ಮೆಲ್ಲಗೆ ಮೇಲೆದ್ದು ಅವಳ ಭುಜದವರೆಗೂ ಹೋಯಿತು. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ನಿಂತು, ಮತ್ತೆ ಅವನ ಮಡಿಲಿಗೇ ಬಂತು. ಕೆಳಗೆ, ಅವನ ಭಾವ ಇದೆಂದು ಗುರುತು ಹಾಕಿದ ಒಂದು ಪದ ಮೂಡಿತು.

"ಏನದು? ಓದು" ಎಂದು ಓದು ಬಾರದ ತುಗಿಯೆಮ್ ನನ್ನನ್ನು ಕೇಳಿದಳು.

"ಅಸಡ್ಡೆ" ಎಂದೆ.

"ಸುಳ್ಳು! ಕ್ಯಾಮೆರಾ ನೋಡ್ತಿತ್ತಲ್ಲ, ನಾಚಿಕೊಂಡ. ಮನೇಲಾಗಿದ್ರೆ ಮುಟ್ತಿದ್ದ." ಬೆರಳನ್ನು ಪರದೆಯಿಂದ ತೆಗೆದು, "ಮನೇಲೂ ನಾನು ಬೆನ್ನು ಹಾಕೇ ಮಲಗ್ತಿದ್ದೆ" ಎಂದಳು.

ಲಾರಸ್ ಆ ಪದವನ್ನು ಅಳಿಸಿದಳು. "ಏನಂತ ಬರೀಲಿ ಹೇಳಿ ಅಮ್ಮಾ."

ತುಗಿಯೆಮ್ ಬಹಳ ಹೊತ್ತು ಯೋಚಿಸಿದಳು. ಯಾವ ಪದವೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಲಾರಸ್ ಆ ಜಾಗವನ್ನು ಖಾಲಿ ಬಿಟ್ಟಳು.

ವಾಪಸ್ ಬರುವಾಗ ವ್ಯಾನಿನಲ್ಲಿ ತುಗಿಯೆಮ್ ನನ್ನ ಮೊಣಕೈ ಹಿಡಿದು ಕೇಳಿದಳು: "ಅಕ್ಕಾ, ಆ ಜಗಳ ಆದ್ಮೇಲೆ ನಾಲ್ಕು ತಿಂಗಳು ಒಂದೇ ಚಾಪೆ ಮೇಲೆ ಮಲಗಿದ್ವಿ. ಯಾಕೆ ಇನ್ನೊಂದ್ಸಲ ಕೈ ಎತ್ತಲಿಲ್ಲ ಅವನು?"

ಅವಳು ತಲೆವಸ್ತ್ರದ ತುದಿಯಿಂದ ಮುಖ ಮುಚ್ಚಿಕೊಂಡು, ನಮ್ಮ ಓಣಿ ಬರುವವರೆಗೂ ಬಿಕ್ಕುತ್ತಲೇ ಇದ್ದಳು.